ಹಳೆಯ ಲ್ಯಾಂಡ್ ರೋವರಿನ ಹೀಟರ್ ಮತ್ತು ಕಿರು ಉದ್ದಿಮೆಯ ಬೆಲೆ ಲೆಕ್ಕ

ತಯಾರಿಕೆ ನಿಂತು ನಾಲ್ಕು ದಶಕಗಳು ಕಳೆದ ವಾಹನವೊಂದಕ್ಕೆ ಇಂದಿಗೂ ಹೊಸ ಬಿಡಿಭಾಗಗಳು ತಯಾರಾಗುತ್ತವೆ ಎಂಬುದು ಮೇಲ್ನೋಟಕ್ಕೆ ಅಚ್ಚರಿಯ ಸಂಗತಿ. ಬ್ರಿಟನ್ನಿನ ಸೀರೀಸ್ ಲ್ಯಾಂಡ್ ರೋವರ್ ಇದಕ್ಕೆ ಉತ್ತಮ ನಿದರ್ಶನವಾಗಿದೆ. 1948ರ ಏಪ್ರಿಲ್ 30ರಂದು ಆಂಸ್ಟರ್‌ಡ್ಯಾಂ ಮೋಟಾರು ಪ್ರದರ್ಶನದಲ್ಲಿ ಮೊದಲಿಗೆ ಕಾಣಿಸಿಕೊಂಡ ಈ ವಾಹನದ ಮೂರನೆಯ ಸೀರೀಸ್ 1985ರಲ್ಲಿ ಕೊನೆಗೊಂಡಿತು. ಅದರ ವಂಶಕ್ಕೆ ಸೇರಿದ ಡಿಫೆಂಡರ್ ಕೂಡ 2016ರ ಜನವರಿ 29ರಂದು ಸೋಲಿಹಲ್ ಕಾರ್ಖಾನೆಯಿಂದ ಕಡೆಯ ಬಾರಿಗೆ ಹೊರಬಂದಿತು. ಕಂಪನಿಯ ಒಡೆತನ 2008ರಲ್ಲಿ ಟಾಟಾ ಮೋಟಾರ್ಸ್ ಸಂಸ್ಥೆಗೆ ಬಂದದ್ದು ವಾಚಕರಿಗೆ ತಿಳಿದೇ ಇದೆ. ಹಳೆಯ ವಾಹನಗಳು ಮಾತ್ರ ಇನ್ನೂ ಓಡುತ್ತಿವೆ. ಅವುಗಳ ಮಾಲೀಕರ ದೂರುಗಳಲ್ಲಿ ಬಹು ಹಳೆಯದು ಚಳಿಯ ದೂರು.

ಈ ದೂರಿಗೆ ಕಾರಣ ವಾಹನದ ಹುಟ್ಟಿನಲ್ಲಿಯೇ ಇದೆ. ಯುದ್ಧಾನಂತರದ ಉಕ್ಕಿನ ಅಭಾವದಿಂದಾಗಿ ಹೊರಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಿಂದ ರೂಪಿಸಲಾಯಿತು. ಒಳಗೆ ಶಾಖವನ್ನು ಹಿಡಿದಿಡುವ ಪದರವಿಲ್ಲ. ಬಾಗಿಲಿನ ಮೇಲರ್ಧವನ್ನು ಬಿಚ್ಚಿ ತೆಗೆಯಬಹುದು, ಕಿಟಕಿಗೆ ಜಾರುವ ಗಾಜು, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ತಗಡು. ಮುಂಗಾಜಿನ ಕೆಳಗೆ ಗಾಳಿಗೆಂದು ಇಟ್ಟ ಎರಡು ಮುಚ್ಚಳಗಳ ರಬ್ಬರು ಸವೆದರಂತೂ ಗಾಳಿಯನ್ನು ಕೇಳುವವರೇ ಇಲ್ಲ. ರೈತನ ಹೊಲಗೆಲಸಕ್ಕೆಂದು ಹುಟ್ಟಿದ ವಾಹನ ಅದು. ಹೀಟರ್ ಬೇಕೆಂದವರು ಬಹುಕಾಲ ಪ್ರತ್ಯೇಕ ಹಣ ತೆತ್ತು ಹಾಕಿಸಿಕೊಳ್ಳಬೇಕಾಗಿತ್ತು. ಸ್ಮಿತ್ಸ್ ಕಂಪನಿಯ ದುಂಡನೆಯ ಹೀಟರ್ ಆ ಕಾಲದವರಿಗೆ ಚಿರಪರಿಚಿತ.

ಹೀಟರ್ ಎಂಬುದು ತತ್ತ್ವತಃ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನಿಂದ ಬಂದ ಬಿಸಿ ನೀರು ಅದರ ಕೊಳವೆಗಳಲ್ಲಿ ಹರಿಯುತ್ತದೆ, ಹಿಂದಿನ ಫ್ಯಾನು ಅದರ ಮೂಲಕ ಗಾಳಿಯನ್ನು ನೂಕುತ್ತದೆ. ಗಂಟೆಗೆ 100 ಘನ ಮೀಟರ್ ಗಾಳಿಯನ್ನು ಸೊನ್ನೆ ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 1.4 ಕಿಲೋವ್ಯಾಟ್ ಶಾಖ ಬೇಕಾಗುತ್ತದೆ. ಇಷ್ಟನ್ನು ವಿದ್ಯುತ್ತಿನಿಂದ ಪಡೆಯುವುದಾದರೆ 12 ವೋಲ್ಟಿನಲ್ಲಿ ಸುಮಾರು 117 ಆಂಪಿಯರ್ ಆಗುತ್ತದೆ. ಹಳೆಯ ಡೈನಮೋ ಕೊಡುವುದು 22 ಆಂಪಿಯರ್ ಆಸುಪಾಸು. ಆದ್ದರಿಂದ ಸಿಗರೇಟು ಲೈಟರಿನ ಸಾಕೆಟ್ಟಿಗೆ ಚುಚ್ಚುವ ಅಗ್ಗದ ವಿದ್ಯುತ್ ಹೀಟರುಗಳನ್ನು ಪರಿಗಣಿಸುವ ಅಗತ್ಯವೇ ಇಲ್ಲ. ಡೀಸೆಲನ್ನೇ ಉರಿಸುವ ಪ್ರತ್ಯೇಕ ಹೀಟರುಗಳ ಮಾತು ಬೇರೆ. ಜರ್ಮನಿಯ ಎಬರ್‌ಸ್ಪ್ಯಾಖರ್, ವೆಬಾಸ್ಟೊ ಕಂಪನಿಗಳು ರೂಢಿಗೆ ತಂದ ಈ ಬಗೆಯ ಯಂತ್ರ ಗಂಟೆಗೆ ಕಾಲು ಲೀಟರಿನಷ್ಟು ಇಂಧನದಿಂದ 2 ಕಿಲೋವ್ಯಾಟ್ ಶಾಖ ನೀಡಬಲ್ಲದು, ಎಂಜಿನ್ ನಿಂತಿದ್ದರೂ ಕೆಲಸ ಮಾಡುತ್ತದೆ. ಆದರೆ ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುವುದರಿಂದ ಹೊಗೆಕೊಳವೆಯನ್ನು ಎಚ್ಚರದಿಂದ ಹೊರಗೆ ಒಯ್ಯಬೇಕು, ತಗಡಿಗೆ ತೂತು ಕೊರೆಯಬೇಕು. ಹಳೆಯ ವಾಹನವನ್ನು ಪ್ರೀತಿಯಿಂದ ಕಾಪಾಡುವ ಮಾಲೀಕನಿಗೆ ಆ ತೂತೇ ಸಹ್ಯವಾಗದು.

ಹೀಗಾಗಿ ಉಳಿಯುವ ಮಾರ್ಗ ಮೂಲ ಹೀಟರಿನ ಸುಧಾರಣೆ. ಹೊರಕವಚ ಹಳೆಯ ಅಳತೆಯದೇ, ಬೋಲ್ಟಿನ ತೂತುಗಳು ಹಳೆಯ ಜಾಗದಲ್ಲಿಯೇ. ಒಳಗೆ ಮಾತ್ರ ಹೆಚ್ಚು ಸಾಲು ಕೊಳವೆಗಳ ಹೊಸ ಕೋರ್ ಮತ್ತು ಬಲವಾದ ಬ್ಲೋವರ್. ಬಿಚ್ಚಿದರೆ ವಾಹನ ಮೊದಲಿದ್ದಂತೆಯೇ ಇರುತ್ತದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ವಾಹನಗಳಿಗೆ ರಸ್ತೆ ತೆರಿಗೆಯ ವಿನಾಯಿತಿ ಇದೆ. 2018ರ ಮೇ 20ರಿಂದ, ಗಣನೀಯ ಮಾರ್ಪಾಡು ಆಗಿರದಿದ್ದಲ್ಲಿ, ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ ದೊರೆತಿದೆ. ಭಾರತದಲ್ಲಿ 2021ರ ಜುಲೈನಲ್ಲಿ ಪ್ರಕಟವಾದ ನಿಯಮಗಳು 50 ವರ್ಷ ಮೀರಿದ, ಚಾಸಿ, ಕವಚ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಕಾಣದ ವಾಹನಗಳನ್ನಷ್ಟೇ ವಿಂಟೇಜ್ ಎಂದು ಗುರುತಿಸುತ್ತವೆ. ಹೀಟರ್ ಬದಲಿಸಿದ ಮಾತ್ರಕ್ಕೆ ಈ ಯಾವ ಸೌಲಭ್ಯವೂ ತಪ್ಪದು. ಆದರೂ ಮೂಲರೂಪಕ್ಕೆ ಬೆಲೆ ಕೊಡುವ ಗಿರಾಕಿ ಎಂತಹವನು ಎಂಬುದನ್ನು ಈ ನಿಯಮಗಳು ತೋರಿಸುತ್ತವೆ. ಅವನು ಹಣ ತೆರುವುದು ಶಾಖಕ್ಕೆ ಎಷ್ಟೋ, ಹಳೆಯ ತೂತಿಗೆ ಸರಿಯಾಗಿ ಕೂರುವ ಗುಣಕ್ಕೂ ಅಷ್ಟೇ.

ತಗಡು ಕತ್ತರಿಸುವುದು, ಮಡಿಸುವುದು, ಬೆಸುಗೆ, ಪೌಡರ್ ಕೋಟಿಂಗ್, ಜೋಡಣೆ, ಇವಿಷ್ಟೇ ಇಂತಹ ಹೀಟರಿಗೆ ಬೇಕಾದ ಕೆಲಸಗಳು. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ ಪ್ರತಿದಿನ ನಡೆಯುವ ಕೆಲಸಗಳೇ ಇವು. ಬೆಂಗಳೂರಿನ ಹವೆಗೆ ಕಾರಿನ ಹೀಟರ್ ಯಾರಿಗೂ ಬೇಕಿಲ್ಲದಿರಬಹುದು, ಆದರೆ ಮಾಡುವ ಕೈಗೆ ಹವೆಯ ಹಂಗಿಲ್ಲ. ಹೊರದೇಶದಿಂದ ಇಂತಹ ವಿಚಾರಣೆ ಬಂದಾಗ ಕಿರು ಉದ್ದಿಮೆದಾರರು ಎಡವುವುದು ಕೆಲಸದಲ್ಲಿ ಅಲ್ಲ, ದರಪಟ್ಟಿಯಲ್ಲಿ.

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ವರ್ಷಕ್ಕೆ 60 ಹೀಟರುಗಳ ಬೇಡಿಕೆ, ಐದು ವರ್ಷಕ್ಕೆ 300. ಒಂದಕ್ಕೆ ಸಾಮಗ್ರಿ 4,200 ರೂಪಾಯಿ, ಕೂಲಿ 900 ರೂಪಾಯಿ, ಒಟ್ಟು 5,100. ರೂಢಿಯಂತೆ ಇದಕ್ಕೆ ಶೇಕಡಾ 15 ಸೇರಿಸಿ 5,865 ರೂಪಾಯಿ ಎಂದು ದರ ಬರೆದು ಕಳುಹಿಸಿದರೆ ಸರಿಯಾಯಿತೆಂದು ತೋರುತ್ತದೆ. ಆದರೆ ಅಚ್ಚು, ಜಿಗ್, ಸೋರಿಕೆ ಪರೀಕ್ಷೆಯ ಸಲಕರಣೆಗೆ 6 ಲಕ್ಷ ರೂಪಾಯಿ ಹಿಡಿದರೆ 300 ಹೀಟರುಗಳಿಗೆ ತಲಾ 2,000 ಆಯಿತು. ಕೋರ್ ಮಾಡಿಕೊಡುವವನು ಒಮ್ಮೆಗೆ 300ಕ್ಕಿಂತ ಕಡಮೆ ಒಪ್ಪುವುದಿಲ್ಲ, ಅದರ ಬೆಲೆ ತಲಾ 2,000 ಎಂದಾದರೆ ಮೊದಲ ದಿನವೇ 6 ಲಕ್ಷ ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಐದು ವರ್ಷದ ಸರಾಸರಿ 3 ಲಕ್ಷದ ಮೇಲೆ ಶೇಕಡಾ 12ರ ಬಡ್ಡಿ ವರ್ಷಕ್ಕೆ 36,000, ಅಂದರೆ ತಲಾ 600. ತಿರಸ್ಕೃತ ಮಾಲು ಮತ್ತು ಗ್ಯಾರಂಟಿ ಬದಲಿಗೆ 300. ನಕ್ಷೆ, ಪತ್ರವ್ಯವಹಾರ, ಗಿರಾಕಿಯ ಪ್ರಶ್ನೆಗಳಿಗೆ ಉತ್ತರ ಹೇಳುವ ಮೇಸ್ತ್ರಿಯ ವೇಳೆಗೆ 1,000. ಕಾರ್ಖಾನೆಯ ಬಾಡಿಗೆ, ಕಚೇರಿ ಖರ್ಚು, ಲಾಭ ಯಾವುದನ್ನೂ ಸೇರಿಸದೆಯೇ ವೆಚ್ಚ 9,000 ರೂಪಾಯಿ ಮುಟ್ಟಿತು. 5,865ಕ್ಕೆ ಮಾರಿದವನು ಪ್ರತಿ ಹೀಟರಿನ ಜೊತೆಗೆ 3,135 ರೂಪಾಯಿಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದಂತಾಗುತ್ತದೆ. ವರ್ಷಕ್ಕೆ 1,88,100.

ದುರದೃಷ್ಟವೆಂದರೆ ಈ ನಷ್ಟ ಮೊದಲ ವರ್ಷದ ಲೆಕ್ಕಪತ್ರದಲ್ಲಿ ಪೂರ್ತಿ ಕಾಣುವುದಿಲ್ಲ. ಅಚ್ಚು ಆಸ್ತಿಯಾಗಿ ಕುಳಿತಿರುತ್ತದೆ, ಕೋರುಗಳು ದಾಸ್ತಾನಾಗಿ ಕುಳಿತಿರುತ್ತವೆ, ಬಡ್ಡಿ ಇತರ ಸಾಲಗಳ ಬಡ್ಡಿಯೊಡನೆ ಬೆರೆತುಹೋಗುತ್ತದೆ. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಬೆಲೆ, ಇವೆರಡರಲ್ಲಿ ಕಡಮೆಯಾದುದಕ್ಕೆ ಹಿಡಿಯಬೇಕೆಂದು ಲೆಕ್ಕಪತ್ರ ಮಾನಕ 2 ಹೇಳುತ್ತದೆ. ಮೂರನೆಯ ವರ್ಷ ಲೆಕ್ಕ ಪರಿಶೋಧಕರು ಮೂಲೆಯಲ್ಲಿ ಧೂಳು ಹಿಡಿದ ಕೋರುಗಳನ್ನು ತೋರಿಸಿ ಕೇಳಿದಾಗಲೇ ಮಾಲೀಕರಿಗೆ ವಿಷಯ ಹೊಳೆಯುವುದು.

ಆರಂಭದಲ್ಲಿ ಕಡಮೆ ದರಕ್ಕೆ ಕೊಟ್ಟು ಮಾರುಕಟ್ಟೆ ಹಿಡಿಯಬೇಕು, ಪ್ರಮಾಣ ಬೆಳೆದಂತೆ ವೆಚ್ಚ ತಾನೇ ಇಳಿಯುತ್ತದೆ ಎಂದು ವಾದಿಸುವವರುಂಟು. ಹೊಸ ಸ್ಕೂಟರಿನ ಭಾಗಕ್ಕೆ ಈ ವಾದ ಒಪ್ಪಬಹುದು. 1985ರಲ್ಲಿ ನಿಂತುಹೋದ ವಾಹನಕ್ಕೆ ಒಪ್ಪದು. ಹೀಟರಿನ ಬೆಲೆ ಅರ್ಧಕ್ಕಿಳಿದರೂ ಸೀರೀಸ್ ಲ್ಯಾಂಡ್ ರೋವರುಗಳ ಸಂಖ್ಯೆ ಒಂದರಷ್ಟೂ ಹೆಚ್ಚುವುದಿಲ್ಲ, ವರ್ಷದಿಂದ ವರ್ಷಕ್ಕೆ ಇಳಿದೀತು. ಒಂದು ವಾಹನಕ್ಕೆ ಒಂದೇ ಹೀಟರ್, ಅದೂ ಚೆನ್ನಾಗಿ ಮಾಡಿದ್ದರೆ ಮತ್ತೆ ಇಪ್ಪತ್ತು ವರ್ಷ ಬೇಡ. ಇತ್ತ ಗಿರಾಕಿಯೂ ತೂಕದ ಲೆಕ್ಕದಲ್ಲಿ ಕೊಳ್ಳುವವನಲ್ಲ. ಅವನಿಗೆ ಇದಕ್ಕೆ ಬದಲಾಗಿರುವುದು ಒಂದೋ ಚಳಿ, ಇಲ್ಲವೇ ತಗಡಿಗೆ ತೂತು. ಇಂತಹ ಮಾಲಿಗೆ 12,000 ಅಥವಾ 13,000 ರೂಪಾಯಿ ಕೇಳಲು ಹಿಂಜರಿಯುವುದು ವಿನಯವಲ್ಲ, ಲೆಕ್ಕ ತಪ್ಪಿದ್ದು.

ಇನ್ನೊಂದು ಖರ್ಚು ವಾಪಸು ಬರುವ ಮಾಲಿನದು. ಹೊಸ ಹೀಟರ್ ಹಾಕಿದರೂ ಬಿಸಿಯಾಗಲಿಲ್ಲ ಎಂದು ಹಿಂದಿರುಗುವ ಪೆಟ್ಟಿಗೆಗಳಲ್ಲಿ ದೋಷ ಹೀಟರಿನದಲ್ಲದೆ ವಾಹನದ್ದೇ ಆಗಿರಬಹುದು. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಎಂಜಿನ್ನಿನ ನೀರು ಚಳಿಗಾಲದಲ್ಲಿ ಕಾಯುವುದೇ ಇಲ್ಲ. ಕರ್ನಾಟಕದ ಗ್ಯಾರೇಜುಗಳಲ್ಲಿ ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಪದ್ಧತಿ ಉಂಟು, ಚಳಿದೇಶದಲ್ಲಿ ಅದರ ಫಲ ನೇರ ಕಾಲಿಗೆ ತಟ್ಟುತ್ತದೆ. 74 ಡಿಗ್ರಿಗೆ ತೆರೆಯುವುದರ ಬದಲು 82 ಅಥವಾ 88 ಡಿಗ್ರಿಯದನ್ನು ಹಾಕಿದರೆ ಹಳೆಯ ಹೀಟರೇ ಚುರುಕಾಗುವುದುಂಟು. ಕೊಳವೆಗಳಲ್ಲಿ ತುಕ್ಕು, ನೀರಿನ ದಾರಿಯಲ್ಲಿ ಗಾಳಿ, ಪೂರ್ತಿ ತೆರೆಯದ ನಲ್ಲಿ, ಸವೆದ ಬಾಗಿಲ ರಬ್ಬರು ಇವೂ ಕಾರಣಗಳೇ. 1967ರ ಹಿಂದಿನ ವಾಹನಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಸೇರಿಸಿರುತ್ತಿದ್ದುದರಿಂದ, ಇಂದಿನ ಕಾಂತದ ಮೋಟಾರನ್ನು ನೋಡದೆ ಜೋಡಿಸಿದರೆ ಫ್ಯಾನು ಹಿಮ್ಮುಖವಾಗಿ ತಿರುಗೀತು.

ಇವನ್ನೆಲ್ಲ ಒಂದು ಹಾಳೆಯಲ್ಲಿ ಮುದ್ರಿಸಿ, ಹಣ ಪಡೆಯುವ ಮುನ್ನವೇ ಗಿರಾಕಿಗೆ ಕಳುಹಿಸುವುದು ಲೇಸು. ಕೆಲವರು ಥರ್ಮೋಸ್ಟಾಟ್ ಬದಲಿಸಿ ಸುಮ್ಮನಾದಾರು, ಹತ್ತರಲ್ಲಿ ಒಂದೆರಡು ಮಾರಾಟ ಕೈತಪ್ಪೀತು. ಆದರೆ ಬರ್ಮಿಂಗ್‌ಹ್ಯಾಂನಿಂದ ಬೆಳಗಾವಿಗೆ ವಿಮಾನದಲ್ಲಿ ಹಿಂದಿರುಗುವ ಒಂದು ಪೆಟ್ಟಿಗೆಯ ಬಾಡಿಗೆ ಹಲವು ಹೀಟರುಗಳ ಲಾಭವನ್ನು ನುಂಗಬಲ್ಲದು.

ದರಪಟ್ಟಿಯಲ್ಲಿ ಅಚ್ಚಿನ ವೆಚ್ಚವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ ಮುಂಗಡವಾಗಿ ಪಡೆಯುವುದು, ಕೋರಿನ ಕನಿಷ್ಠ ಪ್ರಮಾಣಕ್ಕೆ ಕೊಳ್ಳುವವನಿಂದ ಲಿಖಿತ ಒಪ್ಪಿಗೆ ಪಡೆಯುವುದು ಇವೆರಡೂ ಅವಶ್ಯ. ರಫ್ತಿಗೆ ಜಿಎಸ್‌ಟಿ ಶೂನ್ಯ ದರವಾದರೂ ಖರೀದಿಯ ಮೇಲೆ ತೆತ್ತ ತೆರಿಗೆ ಮರಳುವವರೆಗಿನ ಹಣದ ಅಡಚಣೆಯನ್ನೂ ಎಣಿಸಬೇಕು. ಕಡೆಯದಾಗಿ ಅಳತೆ. ಆ ವಾಹನದ ನಕ್ಷೆಗಳು ಅಂಗುಲದಲ್ಲಿವೆ. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್. ಅದನ್ನು 6 ಎಂದು ಓದಿ ತೂತು ಹೊಡೆದರೆ ಬೋಲ್ಟು ಒಳಹೋಗುವುದಿಲ್ಲ. ಲಾಟಿಗೆ ಕೈಹಾಕುವ ಮೊದಲು ಒಂದು ಮಾದರಿಯನ್ನು ಕಳುಹಿಸಿ, ಅಲ್ಲಿಯ ಒಂದು ಹಳೆಯ ವಾಹನದ ಮೇಲೆಯೇ ಕೂರಿಸಿ ನೋಡಿ ಒಪ್ಪಿಗೆಯ ಪತ್ರ ಬರೆಸಿಕೊಳ್ಳುವ ಖರ್ಚನ್ನೂ ಮೇಲಿನ 9,000ಕ್ಕೆ ಸೇರಿಸಬೇಕು.