ಲ್ಯಾಪ್‌ಟಾಪ್‌ಗೆ ಅರ್ಧ, ಹಾಡಿಗೆ ಅರ್ಧ

ಮುಂಬೈ ಇರಲಿ, ಪುಣೆ ಇರಲಿ, ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತಾಗ ಈಚೆಗೆ ಪದೇ ಪದೇ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ: ‘ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ₹50 ಸಾವಿರ ಇಟ್ಟುಕೊಂಡಿದ್ದೇನೆ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’ ಕೇಳುವವರಲ್ಲಿ ವಾರವಿಡೀ ಕಂಪನಿಯ ಕೆಲಸ ಮಾಡಿ ಭಾನುವಾರ ದೇವರನಾಮ ಹಾಡುವವರಿದ್ದಾರೆ. ಭಾವಗೀತೆಗೆ ಸ್ವಂತ ರಾಗ ಹಾಕುವವರಿದ್ದಾರೆ. ಊರಿನಿಂದ ಬಂದ ಅಮ್ಮನ ಬಾಯಲ್ಲಿರುವ ಸೋಬಾನೆ, ಬೀಸುವ ಪದಗಳನ್ನು ಉಳಿಸಿಕೊಳ್ಳಬೇಕು ಎನ್ನುವವರೂ ಇದ್ದಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ: ಅಷ್ಟೂ ಹಣವನ್ನು ಲ್ಯಾಪ್‌ಟಾಪ್‌ಗೆ ಸುರಿಯಬೇಡಿ. ಅರ್ಧ ಸಾಕು.

ಲೆಕ್ಕ ನೋಡಿ. ಒಂದು ಮೈಕ್‌ನ ಧ್ವನಿಯನ್ನು 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ದಾಖಲಿಸಿದರೆ ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. ಹಾರ್ಮೋನಿಯಂಗೆ ಇನ್ನೊಂದು ಮೈಕ್ ಇಟ್ಟರೂ ಗಂಟೆಗೆ ಒಂದು ಜಿಬಿ. ಇಷ್ಟನ್ನು ಬರೆದಿಟ್ಟುಕೊಳ್ಳುವುದು ಹಳೆಯ ಯಂತ್ರಕ್ಕೂ ಭಾರವಲ್ಲ. ಕಚೇರಿಯ ವಿಡಿಯೊ ಮೀಟಿಂಗ್ ಇದಕ್ಕಿಂತ ಹೆಚ್ಚು ದುಡಿಸುತ್ತದೆ. ಪಿಟೀಲು, ತಬಲಾ, ಕೊಳಲು ಎಲ್ಲವನ್ನೂ ಕೀಬೋರ್ಡ್‌ನಿಂದಲೇ ನುಡಿಸಿ ಪೂರ್ತಿ ವಾದ್ಯಗೋಷ್ಠಿ ಕಟ್ಟುವವರಿಗೆ ಮಾತ್ರ 16 ಜಿಬಿ ರ್‍ಯಾಮ್ ಮತ್ತು ಚುರುಕಾದ ಪ್ರೊಸೆಸರ್ ಬೇಕಾಗುತ್ತದೆ.

ಅಂಗಡಿಯವರು ಮೊದಲು ತೋರಿಸುವುದು ಗೇಮಿಂಗ್ ಲ್ಯಾಪ್‌ಟಾಪ್. ‘ಇದು ಪವರ್‌ಫುಲ್ ಸಾರ್’ ಎನ್ನುತ್ತಾರೆ. ನಿಜ, ಆದರೆ ಅದರ ಗ್ರಾಫಿಕ್ಸ್ ಕಾರ್ಡ್‌ಗೆ ಹಾಡು ದಾಖಲಿಸುವಾಗ ಕೆಲಸವೇ ಇಲ್ಲ. ಬಿಸಿಯಾದಾಗ ಅದರ ಫ್ಯಾನ್ ಮಾಡುವ ಸದ್ದು ಮಾತ್ರ ಮೈಕ್‌ಗೆ ತಪ್ಪದೆ ಸೇರುತ್ತದೆ. ನಮ್ಮ ಬಾಡಿಗೆ ಮನೆಯ ಪುಟ್ಟ ಕೋಣೆಯಲ್ಲಿ ಮೈಕ್‌ಗೂ ಲ್ಯಾಪ್‌ಟಾಪ್‌ಗೂ ಎಷ್ಟು ಅಂತರ ಇಟ್ಟೀರಿ? ಸಂಗೀತಕ್ಕೆ ಬೇಕಾದುದು ಗಲಾಟೆ ಮಾಡದ ಯಂತ್ರ.

ಹಾಗಾದರೆ ಏನು ನೋಡಬೇಕು? 8 ಜಿಬಿ ರ್‍ಯಾಮ್, ಮುಂದೆ ಹೆಚ್ಚಿಸಿಕೊಳ್ಳಲು ಸ್ಲಾಟ್, ಕನಿಷ್ಠ 256 ಜಿಬಿಯ ಎಸ್‌ಎಸ್‌ಡಿ, ಸರಿಯಾಗಿ ಕೆಲಸ ಮಾಡುವ ಯುಎಸ್‌ಬಿ ಪೋರ್ಟ್‌ಗಳು, ಒಂದು ಗಂಟೆಯಾದರೂ ನಿಲ್ಲುವ ಬ್ಯಾಟರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ನಡೆಯುವ ಯಂತ್ರವನ್ನೇ ಕೇಳಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು.

ಇಂಥ ಯಂತ್ರ ಹೊಸದೇ ಆಗಬೇಕಿಲ್ಲ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ನಂತಹ ಮಾರುಕಟ್ಟೆಗಳಲ್ಲಿ ಸಿಗುತ್ತವೆ. ಬಿಲ್ ಮತ್ತು ವಾರಂಟಿ ಇಲ್ಲದೆ ಕೊಳ್ಳಬೇಡಿ. ಕೊಳ್ಳುವ ಮುನ್ನ ಹತ್ತು ನಿಮಿಷ ನಡೆಸಿ, ಫ್ಯಾನ್ ಬಳಿ ಕಿವಿ ಇಡಿ. ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಧ್ವನಿ ತುಂಡಾಗುವ ತೊಂದರೆ ಇದೆಯೇ ಎಂಬುದೂ ತಿಳಿಯುತ್ತದೆ. ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟುಕಿದರೆ ಅದೂ ಒಳ್ಳೆಯದೇ: ಅದಕ್ಕೆ ಫ್ಯಾನ್ ಇಲ್ಲ, ಗ್ಯಾರೇಜ್‌ಬ್ಯಾಂಡ್ ಉಚಿತ. ಆದರೆ ಅದರ ರ್‍ಯಾಮ್ ಆಮೇಲೆ ಹೆಚ್ಚಿಸಲಾಗದು.

ಉಳಿದ ಅರ್ಧ ಹಣಕ್ಕೆ ಎರಡು ಮೈಕ್ ಜೋಡಿಸಬಹುದಾದ ಆಡಿಯೊ ಇಂಟರ್‌ಫೇಸ್, ಒಂದು ಡೈನಮಿಕ್ ಮೈಕ್, ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ. ಹಾಡುವಾಗ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸುವುದಕ್ಕೆ ವೇಗದ ಲ್ಯಾಪ್‌ಟಾಪ್ ಒಂದೇ ಮದ್ದಲ್ಲ. ಡೈರೆಕ್ಟ್ ಮಾನಿಟರಿಂಗ್ ಇರುವ ಇಂಟರ್‌ಫೇಸ್ ಆದರೆ ಮೈಕ್‌ನ ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರವಾಗಿ ಹೆಡ್‌ಫೋನ್‌ಗೆ ಬರುತ್ತದೆ. ಸೀಲಿಂಗ್ ಫ್ಯಾನ್ ಆರಿಸಿ, ಹಾಡುವವರ ಹಿಂದೆ ಎರಡು ದಪ್ಪ ರಜಾಯಿ ತೂಗುಹಾಕಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಆಗ ಹೆಡ್‌ಫೋನಿನಲ್ಲಿ ‘ಗುಂಯ್’ ಎಂಬ ಸದ್ದು ಕೇಳಿಸುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಬಹಳ ಸಲ ಅದು ಹೋಗುತ್ತದೆ. ಬ್ಯಾಟರಿ ನೋಡಿ ಎಂದದ್ದು ಇದಕ್ಕೇ.

‘ಇಷ್ಟೆಲ್ಲ ಯಾಕೆ, ಕಚೇರಿಯ ಲ್ಯಾಪ್‌ಟಾಪ್ ಇದೆಯಲ್ಲ’ ಎನ್ನುವವರಿದ್ದಾರೆ. ಬೇಡ. ಎಷ್ಟೋ ಕಡೆ ಹೊರಗಿನ ತಂತ್ರಾಂಶ ಹಾಕಲು ಬಿಡುವುದಿಲ್ಲ. ಕೆಲಸ ಬದಲಾಯಿಸಿದ ದಿನ ಯಂತ್ರವನ್ನು ಹಿಂದಿರುಗಿಸಬೇಕು, ಅದರೊಳಗಿನ ಹಾಡೂ ಅದರ ಜೊತೆಗೇ ಹೋಗುತ್ತದೆ.

ಇನ್ನು ಕೆಲವರು ದೀಪಾವಳಿ ಸೇಲ್‌ಗೆ ಕಾಯುತ್ತಾರೆ, ಅದು ಮುಗಿದರೆ ಮುಂದಿನ ಮಾಡೆಲ್‌ಗೆ. ನಮ್ಮ ಅಪ್ಪ ಅಮ್ಮ ಇಲ್ಲಿಗೆ ಬರುವುದೇ ವರ್ಷಕ್ಕೊಮ್ಮೆ, ಎರಡು ತಿಂಗಳ ಮಟ್ಟಿಗೆ. ಬಂದ ಮೂರನೇ ವಾರಕ್ಕೆ ‘ಊರಲ್ಲಿ ತೋಟ ಏನಾಯ್ತೋ’ ಎಂದು ಶುರುವಾಗುತ್ತದೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು ಅವರ ನೆನಪಿನಲ್ಲಿ ಮಾತ್ರ ಇರುವ ಮನೆಗಳು ಬೇಕಾದಷ್ಟಿವೆ. ಇಂದು ನೆನಪಿರುವ ನುಡಿ ಮುಂದಿನ ಸಲಕ್ಕೆ ಇರುತ್ತದೆಂಬ ಭರವಸೆ ಇಲ್ಲ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ದನಿ ಸಿಗುವುದು ನಾವು ಹಿಡಿದಿಟ್ಟರೆ ಮಾತ್ರ.

ಸಾಧಾರಣ ಯಂತ್ರವನ್ನೇ ಕೊಳ್ಳಿ, ಬೇಗ ಕೊಳ್ಳಿ. ದಾಖಲಿಸಿದ ಪ್ರತಿ ಫೈಲಿಗೂ ಹಾಡಿನ ಹೆಸರು, ಹಾಡಿದವರು, ಊರು, ದಿನಾಂಕ ಬರೆಯಿರಿ. ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿರಲಿ, ಇನ್ನೊಂದನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿ ಊರಿನ ಅಣ್ಣನಿಗೋ ತಂಗಿಗೋ ಕೊಟ್ಟುಬನ್ನಿ.