ದೇವರ ಕೋಣೆಯ ಹೊಗೆ

ಶ್ರೀಗಂಧದ ಹೆಸರು ಹೊತ್ತ ಅಗ್ಗದ ಊದುಬತ್ತಿಯಲ್ಲಿ ಸಾಮಾನ್ಯವಾಗಿ ಗಂಧ ಇರುವುದಿಲ್ಲ. ಇದ್ದಿಲ ಪುಡಿ ಮೆತ್ತಿದ ಬಿದಿರು ಕಡ್ಡಿಯನ್ನು ಕೃತಕ ಸುಗಂಧದಲ್ಲಿ ಅದ್ದಿರುತ್ತಾರೆ. ಆ ಸುಗಂಧವನ್ನು ತೆಳುವಾಗಿಸಲು ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸುವುದೂ ರೂಢಿ. ‘ಹಾಗಾದರೆ ನೈಸರ್ಗಿಕ ಧೂಪ ಹಾಕಬಹುದಲ್ಲ?’ ಎಂದು ಕೇಳುವವರಿದ್ದಾರೆ. ಸಾಂಬ್ರಾಣಿಯಾಗಲಿ, ಹಾಲುಮಡ್ಡಿಯಾಗಲಿ, ಸುಟ್ಟರೆ ಬರುವುದು ಹೊಗೆಯೇ. ಅದರಲ್ಲಿಯೂ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು, ಕಾರ್ಬನ್ ಮಾನಾಕ್ಸೈಡ್ ಇರುತ್ತವೆ. ಕಿಟಕಿಯೇ ಇಲ್ಲದ ದೇವರ ಕೋಣೆ, ಪಕ್ಕದಲ್ಲೇ ಮಲಗಿದ ಆಸ್ತಮಾದ ಮಗು ಎಂದಾಗ ಇದು ಸಣ್ಣ ವಿಷಯವಲ್ಲ. ದೇವರಿಗೇನೋ ಕೆಮ್ಮು ಬರುವುದಿಲ್ಲ! ಪರಿಮಳ ಬೇಕೆಂದರೆ ಮಲ್ಲಿಗೆ ಇದೆ, ಸಂಪಿಗೆ ಇದೆ, ಸಾಣೆಕಲ್ಲಿನಲ್ಲಿ ತೇಯ್ದ ಗಂಧವಿದೆ; ಯಾವುದನ್ನೂ ಸುಡಬೇಕಾಗಿಲ್ಲ. ಊದುಬತ್ತಿ ಬೇಕೇಬೇಕು ಎನ್ನುವವರು ಒಂದೇ ಕಡ್ಡಿ ಹಚ್ಚಿ, ಬಾಗಿಲು ಕಿಟಕಿ ತೆರೆದಿಡಿ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಕಾಣಿಸಿಕೊಂಡಿದ್ದರೆ ಅದೂ ಬೇಡ.