ಕಿಲ್ತಾನಿಗೆ ಮಂಗಳೂರೇ ಹತ್ತಿರ: ವಾರಕ್ಕೆರಡು ಪ್ರಯಾಣಿಕರ ಹಡಗು ಬೇಕು



ಲಕ್ಷದ್ವೀಪದ ಮಾತು ಬಂದಾಗಲೆಲ್ಲ ಅಧಿಕಾರಸ್ಥರು ಒಂದೇ ಲೆಕ್ಕ ಮುಂದಿಡುತ್ತಾರೆ: ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿ.ಮೀ., ವಿಮಾನದಲ್ಲಿ ಒಂದೂವರೆ ಗಂಟೆ. ಅಗತ್ತಿಯವರ ಮಟ್ಟಿಗೆ ಇದು ನಿಜ. ಆದರೆ ಜನವಸತಿಯಿರುವ ಹತ್ತು ದ್ವೀಪಗಳಲ್ಲಿ ವಿಮಾನ ಇಳಿಯುವುದು ಅಗತ್ತಿಯೊಂದರಲ್ಲೇ. ಉತ್ತರದ ಕಿಲ್ತಾನ್ ದ್ವೀಪದವರು ವಿಮಾನ ಹತ್ತಬೇಕಾದರೆ ಮೊದಲು ನಾಡಿಗೆ ಬೆನ್ನು ಹಾಕಿ, ನೈರುತ್ಯ ದಿಕ್ಕಿಗೆ 110 ಕಿ.ಮೀ.ಗೂ ಹೆಚ್ಚು ಸಮುದ್ರ ದಾಟಿ ಅಗತ್ತಿ ಮುಟ್ಟಬೇಕು. ಅಲ್ಲಿಂದ ಮತ್ತೆ 460 ಕಿ.ಮೀ. ಹಾರಬೇಕು. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಅಲ್ಲಿಗೆ ಹೋಗುವ ಪುಟ್ಟ ವಿಮಾನಗಳಲ್ಲಿ ಸೀಟು ಸಿಗುವುದೂ ಸುಲಭವಲ್ಲ. ಕೊಚ್ಚಿಗೆ ಹಡಗಿನಲ್ಲೇ ಹೊರಟರೆ 390 ಕಿ.ಮೀ. ಅದೇ ಕಿಲ್ತಾನಿನಿಂದ ಮಂಗಳೂರಿಗೆ ಎಷ್ಟು ಗೊತ್ತೇ? ನೇರ ದಾರಿಯಲ್ಲಿ ಸುಮಾರು 250 ಕಿ.ಮೀ. ಹತ್ತಿರದ ಊರನ್ನು ಬಿಟ್ಟು ದೂರದ ಊರಿಗೆ ಜನರನ್ನು ಸುತ್ತಿಸುತ್ತಿದ್ದೇವೆ.

ಈ ನಂಟು ಹೊಸದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತು ನೋಡಿ: ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಮಂಜಿ ಹಡಗುಗಳು ದ್ವೀಪಗಳತ್ತ ಹೊರಡುತ್ತವೆ. ಸರಕಿಗೆ ಇರುವ ದಾರಿ ಜನರಿಗೆ ಇಲ್ಲದಂತಾಗಿದೆ. ಪ್ರಯಾಣಿಕರ ಹಡಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2024ರ ಮೇ ತಿಂಗಳಲ್ಲಿ 'ಪರಾಲಿ' ಎಂಬ ವೇಗದ ಹಡಗು ದ್ವೀಪದ ಜನರನ್ನು ಸುಮಾರು ಏಳು ಗಂಟೆಯಲ್ಲಿ ಮಂಗಳೂರಿಗೆ ತಲುಪಿಸಿತು. ಆಗದ ಕೆಲಸವೇನೂ ಅಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಪ್ರತಿ ದ್ವೀಪದಲ್ಲೂ ವಿಮಾನ ನಿಲ್ದಾಣ ಕಟ್ಟಿದರಾಯಿತು ಎನ್ನುವವರಿದ್ದಾರೆ. ಕಿಲ್ತಾನಿನ ನೆಲ ಎರಡು ಚದರ ಕಿ.ಮೀ. ಆಸುಪಾಸು, ಜನ ಸುಮಾರು ನಾಲ್ಕು ಸಾವಿರ. ಅಲ್ಲಿ ರನ್‌ವೇ ಹಾಕಿದರೆ ತೆಂಗಿನ ತೋಟಕ್ಕೂ ಹವಳದ ದಿಬ್ಬಕ್ಕೂ ಉಳಿಗಾಲವಿಲ್ಲ. ಹೆಲಿಕಾಪ್ಟರ್ ಇದೆಯಲ್ಲ ಎಂಬ ಮಾತೂ ಇದೆ. ಅದು ಜೀವ ಹೋಗುವ ಹೊತ್ತಿನ ರೋಗಿಗೆ. ಏಳು ತಿಂಗಳ ಗರ್ಭಿಣಿ ಸ್ಕ್ಯಾನಿಂಗ್‌ಗೆಂದು, ವಿದ್ಯಾರ್ಥಿ ಕಾಲೇಜಿಗೆಂದು ಅದನ್ನು ನಂಬಿ ಕೂರಲಾಗದು. ಮಳೆಗಾಲದಲ್ಲಿ ಹಳೆ ಬಂದರಿನ ಅಳಿವೆಬಾಗಿಲು ಅಪಾಯಕಾರಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿಯೇ ಆ ತಿಂಗಳುಗಳಲ್ಲಿ ಹಡಗು ಪಣಂಬೂರಿನ ಸರ್ವಋತು ಬಂದರಿಗೆ ಬರಲಿ. ಇನ್ನು ನಷ್ಟದ ಪ್ರಶ್ನೆ: ಮಲೆನಾಡಿನ ಮೂಲೆಯ ಹಳ್ಳಿಗೆ ಸರ್ಕಾರಿ ಬಸ್ಸು ಓಡುವುದು ಲಾಭಕ್ಕಲ್ಲ. ದ್ವೀಪದವರಿಗೆ ಹಡಗೇ ಬಸ್ಸು. ಕೊಚ್ಚಿಯ ಸೇವೆ ನಿಲ್ಲಿಸಿ ಎಂದೂ ನಾವು ಕೇಳುತ್ತಿಲ್ಲ. ಕಚೇರಿ, ನ್ಯಾಯಾಲಯದ ಕೆಲಸಕ್ಕೆ ಅದು ಬೇಕೇ ಬೇಕು. ಅದರ ಜೊತೆಗೆ ಹತ್ತಿರದ ದಾರಿಯೂ ತೆರೆದಿರಲಿ.

ನಮ್ಮ ಬೇಡಿಕೆ ಇಷ್ಟೇ. ಉತ್ತರದ ಐದು ದ್ವೀಪಗಳಿಂದ ಮಂಗಳೂರಿಗೆ ವಾರಕ್ಕೆರಡು ಪ್ರಯಾಣಿಕರ ಹಡಗು. ಮುಂಚಿತವಾಗಿ ಪ್ರಕಟವಾಗುವ ವೇಳಾಪಟ್ಟಿ. ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಮೀಸಲು ಸೀಟು. ಅಳಿವೆಬಾಗಿಲಲ್ಲಿ ವರ್ಷವರ್ಷವೂ ಹೂಳೆತ್ತುವ ಕೆಲಸ. ವೆನ್ಲಾಕ್ ಆಸ್ಪತ್ರೆಯೂ ಕಾಲೇಜುಗಳೂ ಮಾರುಕಟ್ಟೆಯೂ ಇರುವ ಈ ಊರು ದ್ವೀಪದವರಿಗೆ ಬಾಗಿಲು ತೆರೆದರೆ ಇಲ್ಲಿನ ವ್ಯಾಪಾರವೂ ಬೆಳೆಯುತ್ತದೆ. ನಿಮ್ಮ ಶಾಸಕರನ್ನು, ಸಂಸದರನ್ನು ಕಂಡಾಗ ಈ ಬೇಡಿಕೆಯನ್ನು ಮುಂದಿಡಿ; ಈ ಕರಪತ್ರ ಓದಿ, ಇನ್ನೊಬ್ಬರ ಕೈಗೆ ದಾಟಿಸಿ.